ಗ್ರಾಮೀಣ ಜಿಲ್ಲೆಯ ಆಡಳಿತ: ಉದ್ಯಮಿ ತಿಳಿದಿರಬೇಕಾದ ಎರಡು ಶ್ರೇಣಿಗಳು

ಜಿಲ್ಲಾ ಕೇಂದ್ರದಿಂದ ದೂರದ ಹಳ್ಳಿಯೊಂದರಲ್ಲಿ ಗಿರಣಿಯನ್ನೋ ಗೋದಾಮನ್ನೋ ಶೀತಲಗೃಹವನ್ನೋ ಆರಂಭಿಸಲು ಹೊರಟ ಉದ್ಯಮಿಯನ್ನು ಬಂಡವಾಳದ ಕೊರತೆಗಿಂತಲೂ ಹೆಚ್ಚಾಗಿ ಕಾಡುವುದು ತನ್ನ ಕೆಲಸ ಯಾವ ಕಚೇರಿಗೆ ಸೇರಿದ್ದೆಂಬ ಗೊಂದಲ. ತಾಲ್ಲೂಕು ಕಚೇರಿಯವರು ಪಂಚಾಯಿತಿಗೆ ಹೋಗಿರೆನ್ನುತ್ತಾರೆ. ಪಂಚಾಯಿತಿಯವರು ಜಿಲ್ಲಾಧಿಕಾರಿಗಳ ಆದೇಶ ತನ್ನಿರೆನ್ನುತ್ತಾರೆ. ಇಬ್ಬರ ಮಾತೂ ಕಾನೂನಿನ ಪ್ರಕಾರ ಸರಿಯೇ ಆಗಿರುತ್ತದೆ. ಗ್ರಾಮೀಣ ಜಿಲ್ಲೆಯಲ್ಲಿ ಸರ್ಕಾರವೆಂಬುದು ಒಂದೇ ಏಣಿಯಲ್ಲ. ಅಕ್ಕಪಕ್ಕದಲ್ಲಿ ನಿಂತ ಎರಡು ಏಣಿಗಳು. ಒಂದು ಕಂದಾಯ ಆಡಳಿತ, ಇನ್ನೊಂದು ಪಂಚಾಯತ್ ರಾಜ್ ವ್ಯವಸ್ಥೆ. ಮೊದಲನೆಯದರ ಅಧಿಕಾರ ಮೇಲಿನಿಂದ ಕೆಳಗಿಳಿಯುತ್ತದೆ; ಎರಡನೆಯದರದು ಮತದಾರನಿಂದ ಮೇಲೇರಬೇಕೆಂಬುದು ಸಂವಿಧಾನದ ಆಶಯ.

ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಲು ಕೊಪ್ಪಳ ಜಿಲ್ಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿವೆ. ಅಕ್ಕಿ ಗಿರಣಿಗಳೇ ಇಲ್ಲಿನ ಮುಖ್ಯ ಉದ್ದಿಮೆ. ಇಲ್ಲಿನ ಹಳ್ಳಿಯೊಂದರಲ್ಲಿ ಒಬ್ಬರು ಮೂರು ಎಕರೆ ಜಮೀನು ಕೊಂಡು ಗಿರಣಿ ಹಾಕಲು ಹೊರಟಿದ್ದಾರೆಂದು ಭಾವಿಸೋಣ.

ಮೊದಲ ಕೆಲಸ ಕಂದಾಯ ಶ್ರೇಣಿಯದು. ಹಳ್ಳಿಯ ಮಟ್ಟದಲ್ಲಿ ಹಿಂದೆ ಶಾನುಭೋಗರು, ಪಟೇಲರು ಇದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡು ವೇತನ ಪಡೆಯುವ ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿಗಳೆಂದು ಕರೆಯುತ್ತಾರೆ. ಅವರ ಮೇಲೆ ಹೋಬಳಿಯ ಕಂದಾಯ ನಿರೀಕ್ಷಕರು, ಹೋಬಳಿ ಮಟ್ಟದಲ್ಲೇ ಉಪತಹಶೀಲ್ದಾರರ ನಾಡಕಚೇರಿ, ತಾಲ್ಲೂಕಿಗೆ ತಹಶೀಲ್ದಾರರು, ಉಪವಿಭಾಗಕ್ಕೆ ಉಪವಿಭಾಗಾಧಿಕಾರಿಗಳು, ಜಿಲ್ಲೆಗೆ ಜಿಲ್ಲಾಧಿಕಾರಿಗಳು, ಕೊಪ್ಪಳದ ಮಟ್ಟಿಗೆ ಕಲಬುರಗಿಯಲ್ಲಿ ಪ್ರಾದೇಶಿಕ ಆಯುಕ್ತರು. ಪಹಣಿ, ಖಾತಾ ಬದಲಾವಣೆ, ಅಳತೆ, ಭೂಪರಿವರ್ತನೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಾಮಾಜಿಕ ಪಿಂಚಣಿ, ಬರ ಮತ್ತು ನೆರೆ ಪರಿಹಾರ ಇವೆಲ್ಲ ಈ ಶ್ರೇಣಿಗೆ ಸೇರಿದ ಸೇವೆಗಳು. ಕಾನೂನು ಸುವ್ಯವಸ್ಥೆಯ ದೃಷ್ಟಿಯಿಂದ ದಂಡಾಧಿಕಾರಿಗಳೂ ಇವರೇ.

ಜಮೀನು ಖರೀದಿಯಲ್ಲಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಪ್ರಕರಣಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವುದು ಸುಲಭವಾಗಿದೆ, ನಿಜ. ಆದರೆ ಆ ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ 1978ರ ಕಾಯ್ದೆಯನ್ವಯ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧುವಾಗುತ್ತದೆ. ಮೂಲ ಮಂಜೂರುದಾರರು ಜಮೀನು ಮರಳಿ ಕೇಳಲು ಕಾಲಮಿತಿಯ ಅಡ್ಡಿಯಿರಬಾರದೆಂದು 2023ರ ತಿದ್ದುಪಡಿ ಹೇಳಿದೆ. ಇಂಥ ಅರ್ಜಿಗಳ ವಿಚಾರಣೆ ನಡೆಸುವವರು ಉಪವಿಭಾಗಾಧಿಕಾರಿಗಳು. ಆದ್ದರಿಂದ ಇತ್ತೀಚಿನ ಪಹಣಿಯೊಂದನ್ನೇ ನಂಬದೆ, ಮಂಜೂರಾತಿಯ ಮೂಲ ದಾಖಲೆಯವರೆಗೆ ಹಿಂದಕ್ಕೆ ಹೋಗಿ ನೋಡುವುದು ಲೇಸು. ವಕೀಲರಿಗೆ ಕೊಡುವ ಶುಲ್ಕವನ್ನು ಉಳಿಸಲು ಹೋಗಿ ಗಿರಣಿಯನ್ನೇ ಕಳೆದುಕೊಳ್ಳುವ ಸ್ಥಿತಿ ಯಾರಿಗೂ ಬೇಡ.

ಜಮೀನು ಕೈಗೆ ಬಂದ ನಂತರ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆಯಾಗಬೇಕು. ಅಚ್ಚುಕಟ್ಟು ಪ್ರದೇಶದ ನೀರಾವರಿ ಜಮೀನಿನ ವಿಷಯದಲ್ಲಿ ನಿರ್ಬಂಧಗಳು ಬಿಗಿಯಾಗಿರುವುದರಿಂದ ಗಿರಣಿಗಾರರು ಸಾಮಾನ್ಯವಾಗಿ ಒಣಭೂಮಿಯನ್ನು ಆರಿಸಿಕೊಳ್ಳುವುದೇ ಕ್ಷೇಮ. ಪರಿವರ್ತನೆಯ ಆದೇಶ ಹೊರಬಿದ್ದ ದಿನದಿಂದ ನಮ್ಮ ಉದ್ಯಮಿ ಎರಡನೆಯ ಏಣಿಯ ಬುಡಕ್ಕೆ ಬಂದು ನಿಲ್ಲುತ್ತಾರೆ.

ಆ ಏಣಿಯ ಬುಡವೇ ಗ್ರಾಮ ಪಂಚಾಯಿತಿ. ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೊಂದು ಪಂಚಾಯಿತಿ, ಸುಮಾರು 400 ಜನರಿಗೊಬ್ಬ ಸದಸ್ಯ. ಜನವಸತಿ ಚದುರಿರುವ ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ ಇದಕ್ಕಿಂತ ಕಡಿಮೆ ಜನಸಂಖ್ಯೆಗೂ ಪಂಚಾಯಿತಿ ರಚಿಸಲು ಅವಕಾಶವಿದೆ. ಅಧ್ಯಕ್ಷರು ಚುನಾಯಿತರು; ಕಡತ ನಡೆಸುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಎಲ್ಲರೂ ಕರೆಯುವಂತೆ ಪಿಡಿಒ. ಅವರ ಜೊತೆಗೆ ಕಾರ್ಯದರ್ಶಿ, ಕರವಸೂಲಿಗಾರ, ನೀರುಗಂಟಿ. ಕುಡಿಯುವ ನೀರು, ಬೀದಿದೀಪ, ಚರಂಡಿ, ನೈರ್ಮಲ್ಯ ಈ ನಾಲ್ಕು ಸೇವೆಗಳ ಗುಣಮಟ್ಟ ಬಹುಮಟ್ಟಿಗೆ ಈ ಕೆಲವೇ ಜನರನ್ನು ಅವಲಂಬಿಸಿದೆ. ಉದ್ಯಮಿಗೆ ಬೇಕಾದ ಕಟ್ಟಡ ಪರವಾನಗಿ, ಯಂತ್ರಗಳನ್ನು ಸ್ಥಾಪಿಸುವ ಅನುಮತಿ, ವ್ಯಾಪಾರ ಪರವಾನಗಿಗಳೂ ಇಲ್ಲಿಂದಲೇ ದೊರೆಯಬೇಕು. 2013ರಿಂದ ಬಳಕೆಗೆ ಬಂದ ಇ-ಸ್ವತ್ತು ತಂತ್ರಾಂಶದ ಮೂಲಕ ಆಸ್ತಿಯ ನಮೂನೆ 9 ಮತ್ತು 11ನ್ನು ಪಡೆಯದಿದ್ದರೆ ಬ್ಯಾಂಕಿನವರು ಅಡಮಾನಕ್ಕೆ ಒಪ್ಪುವುದು ಕಷ್ಟ.

ಎರಡು ಏಣಿಗಳ ನಡುವಿನ ಕಂದಕ ಇರುವುದೂ ಇಲ್ಲಿಯೇ. ಪರಿವರ್ತನೆಯಾಗುವವರೆಗೆ ಜಮೀನು ಕಂದಾಯದ ಪಹಣಿಯಲ್ಲಿರುತ್ತದೆ. ಆದ ಮೇಲೆ ಪಂಚಾಯಿತಿಯ ಆಸ್ತಿ ವಹಿಗೆ ಬರಬೇಕು. ಆದೇಶದಲ್ಲಿನ ವಿಸ್ತೀರ್ಣ, ನಕ್ಷೆಯಲ್ಲಿನ ಚಕ್ಕುಬಂದಿ, ಕ್ರಯಪತ್ರದಲ್ಲಿನ ಹೆಸರು ಈ ಮೂರರಲ್ಲಿ ಅಕ್ಷರದಷ್ಟು ವ್ಯತ್ಯಾಸವಿದ್ದರೂ ಪಿಡಿಒ ಅರ್ಜಿಯನ್ನು ಹಿಂದಿರುಗಿಸುತ್ತಾರೆ. ಹಾಗೆ ಮಾಡುವುದು ಅವರ ಹೊಣೆಯೂ ಹೌದು. ಪರಿವರ್ತನೆಗೆ ಅರ್ಜಿ ಹಾಕುವ ಮೊದಲೇ ಇವನ್ನು ಸರಿಪಡಿಸಿಕೊಂಡವರು ತಿಂಗಳುಗಳನ್ನು ಉಳಿಸುತ್ತಾರೆ. ಪಂಚಾಯಿತಿಯ ಆದೇಶದಿಂದ ಅನ್ಯಾಯವಾಗಿದೆಯೆಂದು ಕಂಡರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ತಹಶೀಲ್ದಾರರ ಬಳಿ ಹೋಗಿ ಪಂಚಾಯಿತಿಯ ಮೇಲೆ ದೂರುವುದರಿಂದ ಪ್ರಯೋಜನವಿಲ್ಲ. ಅವರು ಬೇರೆ ಏಣಿಯವರು.

ತಾಲ್ಲೂಕು ಪಂಚಾಯಿತಿಯ ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಮೂರು ಸ್ತರಗಳಲ್ಲಿ ಇದೇ ಅತಿ ದುರ್ಬಲವಾದದ್ದು. ತನ್ನದೆಂಬ ತೆರಿಗೆಯಿಲ್ಲ, ತನ್ನದೆಂಬ ನಿಧಿಯೂ ಅಲ್ಪ. ಜಿಲ್ಲಾ ಪಂಚಾಯಿತಿಯ ವ್ಯಾಪ್ತಿ ಮಾತ್ರ ದೊಡ್ಡದು. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಪ್ರಾಥಮಿಕ ಶಾಲೆಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಕೃಷಿ, ತೋಟಗಾರಿಕೆ, ಪಶುವೈದ್ಯ ಸೇವೆ, ಗ್ರಾಮೀಣ ಕೈಗಾರಿಕೆ, ಗ್ರಾಮೀಣ ರಸ್ತೆಗಳು ಬರುತ್ತವೆ. ಹಣವೂ ದೊಡ್ಡ ಮೊತ್ತದಲ್ಲೇ ಬರುತ್ತದೆ. ಆದರೆ ಅದರ ಬಹುಪಾಲು ಶಿಕ್ಷಕರ ಮತ್ತು ಸಿಬ್ಬಂದಿಯ ವೇತನಕ್ಕೆ ಮೊದಲೇ ಗೊತ್ತುಪಡಿಸಿದ್ದಾಗಿದ್ದು, ತನ್ನ ವಿವೇಚನೆಯಿಂದ ಖರ್ಚು ಮಾಡುವ ಅವಕಾಶ ಕಡಿಮೆ. ಕೇಂದ್ರದ 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲೂ ಶೇಕಡ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ 371(ಜೆ) ವಿಧಿಯ ಫಲವಾಗಿ ಪ್ರತ್ಯೇಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಅದು ಪಂಚಾಯಿತಿಗಳ ಆಯವ್ಯಯದ ಹೊರಗಿನದು.

ಈ ಮಾತನ್ನು ಹೇಳುವಾಗ ಕರ್ನಾಟಕದ ಹಿಂದಿನ ದಿನಗಳು ನೆನಪಾಗುವುದು ಸಹಜ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಸೇವಾಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲಿನವರಾಗಿದ್ದರು. ಆ ಸಂಸ್ಥೆಗಳ ಅವಧಿ 1992ರಲ್ಲಿ ಮುಗಿದ ಬಳಿಕ ಜಿಲ್ಲಾ ಮಟ್ಟದ ಚುನಾವಣೆಗೆ 1995ರವರೆಗೆ ಕಾಯಬೇಕಾಯಿತು. ನಡುವೆ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು, ಐದು ವರ್ಷ ತುಂಬುವ ಮೊದಲೇ ಚುನಾವಣೆ ನಡೆಯತಕ್ಕದ್ದೆಂದು ವಿಧಿಸಿತು. ಹಾಗಿದ್ದರೂ 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ನಂತರ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಆಡಳಿತಾಧಿಕಾರಿಗಳೇ ಕಾರ್ಯನಿರ್ವಹಿಸಿದರು.

ಇದು ರಾಜಕಾರಣಿಗಳ ಚಿಂತೆ, ವರ್ತಕರಿಗೇನು ಎಂದು ಕೇಳುವವರಿದ್ದಾರೆ. ಗಿರಣಿಯ ಮುಂದಿನ ರಸ್ತೆಯ ವಿಷಯ ಬಂದಾಗ ಉತ್ತರ ದೊರೆಯುತ್ತದೆ. ಆ ರಸ್ತೆ ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯರಸ್ತೆಯೋ ಆಗಿದ್ದರೆ ಲೋಕೋಪಯೋಗಿ ಇಲಾಖೆಯದು. ಗ್ರಾಮೀಣ ರಸ್ತೆಯಾಗಿದ್ದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಅದರ ಆದ್ಯತೆ ನಿರ್ಧರಿಸುವ ಸಭೆಯಲ್ಲಿ ಮಾತನಾಡಬೇಕಾದವರು ಜಿಲ್ಲಾ ಪಂಚಾಯಿತಿ ಸದಸ್ಯರು. ಆ ಸದಸ್ಯರೇ ಇಲ್ಲದಾಗ ಮನವಿಯು ಶಾಸಕರ ಕಚೇರಿ ಅಥವಾ ಅಧಿಕಾರಿಯ ಮೇಜು, ಇವೆರಡರಲ್ಲೊಂದನ್ನು ಸೇರಬೇಕು. ಇಡೀ ಕ್ಷೇತ್ರದ ಶಾಸಕರಿಗೆ ಒಂದು ಹಳ್ಳಿಯ ಎರಡು ಕಿಲೋಮೀಟರ್ ರಸ್ತೆ ಕಾಣುವುದು ತಡವಾಗಿಯೇ.

ಎರಡೂ ಏಣಿಗಳ ಹೊರಗಿರುವ ಸಂಸ್ಥೆಗಳೂ ಇವೆ. ವಿದ್ಯುತ್ತಿಗೆ ಜೆಸ್ಕಾಂ, ಹೊಗೆ ಮತ್ತು ತ್ಯಾಜ್ಯನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಬಾಯ್ಲರಿಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ, ಭತ್ತದ ಮಾರುಕಟ್ಟೆಗೆ ಎಪಿಎಂಸಿ. ಎಲ್ಲಕ್ಕಿಂತ ಮುಖ್ಯವಾದ ಕಾಲುವೆ ನೀರಿನ ಮೇಲೆ ಯಾವ ಪಂಚಾಯಿತಿಗೂ ಅಧಿಕಾರವಿಲ್ಲ. ನೀರು ಬಿಡುವ ದಿನಾಂಕವನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಗಿರಣಿಗಾರರೂ ಕಂಗಾಲಾದದ್ದನ್ನು ಆ ಭಾಗದವರು ಮರೆತಿರಲಾರರು.

ಇಷ್ಟೊಂದು ಕಚೇರಿಗಳನ್ನು ಒಂದೆಡೆ ಕೂರಿಸುವ ಸಲುವಾಗಿ 2002ರ ಕೈಗಾರಿಕಾ ಸೌಲಭ್ಯ ಕಾಯ್ದೆಯಡಿ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯಿದೆ. 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಪರಿಶೀಲಿಸುವ ಈ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು; ಅರ್ಜಿಯ ವ್ಯವಹಾರ ನೋಡಿಕೊಳ್ಳುವುದು ಜಿಲ್ಲಾ ಕೈಗಾರಿಕಾ ಕೇಂದ್ರ. ಸಣ್ಣ ಉದ್ಯಮಿಗಳನೇಕರು ಇದು ದೊಡ್ಡವರಿಗೆಂದು ಭಾವಿಸಿ ಹತ್ತು ಕಚೇರಿಗಳಿಗೆ ತಾವೇ ಅಲೆಯುವುದುಂಟು. ಅದರ ಅಗತ್ಯವಿಲ್ಲ.

ಪ್ರಮಾಣಪತ್ರ, ಖಾತೆ, ಪರವಾನಗಿಯಂಥ ನಿಗದಿತ ಸೇವೆಗಳಿಗೆ 2012ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಸಕಾಲ ಕಾಯ್ದೆ ಅನ್ವಯಿಸುತ್ತದೆ. ವಿಳಂಬವಾದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಕ್ಷುಲ್ಲಕ, ಆದರೆ ವಿಳಂಬ ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆಂಬುದು ಕ್ಷುಲ್ಲಕವಲ್ಲ. ಅರ್ಜಿ ಕೊಡುವಾಗ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಬೇಕು. ಇನ್ನು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದದ್ದು. ಗಿರಣಿಯ ಮಾಲೀಕರು ಪಟ್ಟಣದಲ್ಲಿ ವಾಸವಾಗಿದ್ದು ಆ ಹಳ್ಳಿಯ ಮತದಾರರಲ್ಲದಿದ್ದರೆ ಅಲ್ಲಿ ಮತ ಹಾಕುವ ಹಕ್ಕಿಲ್ಲ. ಆದರೂ ತೆರಿಗೆ ಪಾವತಿಯ ರಸೀದಿಯ ಪ್ರತಿಯೊಂದಿಗೆ ರಸ್ತೆ, ದೀಪ, ಚರಂಡಿಯ ಬೇಡಿಕೆಯನ್ನು ಸಭೆಗೆ ಮುಂಚಿತವಾಗಿ ಲಿಖಿತವಾಗಿ ಪಿಡಿಒ ಅವರಿಗೆ ಸಲ್ಲಿಸಿ, ಅದನ್ನು ಸಭೆಯ ಮುಂದಿಡುವಂತೆ ಕೋರಬಹುದು. ಗಿರಣಿಯಲ್ಲಿ ದುಡಿಯುವ ಊರಿನವರು ಸಭೆಯಲ್ಲಿ ಅದರ ಪರವಾಗಿ ಮಾತನಾಡಬಹುದು.