ಆತ್ಮಹತ್ಯೆ ತಡೆ: ದೇಶಗಳು ಕೂಡಿ ಕಲಿತದ್ದು, ನಮ್ಮ ಮನೆ-ಶಾಲೆಗಳಿಗೆ ಬೇಕಾದದ್ದು

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. 1960ರಲ್ಲಿ ವಿಯೆನ್ನಾದಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಆತ್ಮಹತ್ಯೆ ತಡೆ ಸಂಘವು ವಿಶ್ವ ಆರೋಗ್ಯ ಸಂಸ್ಥೆಯೊಡಗೂಡಿ 2003ರಲ್ಲಿ ಈ ಆಚರಣೆಯನ್ನು ಆರಂಭಿಸಿತು. ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷ 20 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಜೀವ ಕಳೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 15ರಿಂದ 29 ವರ್ಷದವರ ಮರಣಕಾರಣಗಳಲ್ಲಿ ಇದು ಮೂರನೆಯದು. ಶಾಲೆಗಳಲ್ಲಿ ಈ ದಿನವು ಪ್ರತಿಜ್ಞೆ, ಭಾಷಣಗಳಲ್ಲಿ ಮುಗಿದುಹೋಗುವುದುಂಟು. ಆದರೆ ದೇಶಗಳು ಒಂದುಗೂಡಿ ಕಂಡುಕೊಂಡ ಸಂಗತಿಗಳು ಭಾಷಣಕ್ಕಿಂತ ಬೆಲೆಯುಳ್ಳವು.

ಅವುಗಳಲ್ಲಿ ಶಾಲಾಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ, 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ನಡೆದ ಅಧ್ಯಯನ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ದನೂತಾ ವಾಸರ್ಮನ್ ಅವರ ನೇತೃತ್ವದ ಈ ಅಧ್ಯಯನದ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ಅಧ್ಯಾಪಕರಿಗೆ ತರಬೇತಿ ಕೊಡಲಾಯಿತು. ಕೆಲವೆಡೆ ಪ್ರಶ್ನಾವಳಿಯ ಮೂಲಕ ತಜ್ಞರು ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಿದರು. ಮತ್ತೆ ಕೆಲವೆಡೆ ವಿದ್ಯಾರ್ಥಿಗಳೇ ನಾಲ್ಕು ವಾರಗಳಲ್ಲಿ ಒಟ್ಟು ಐದು ಗಂಟೆ ಕೂಡಿ ಕುಳಿತು ಒತ್ತಡ, ಖಿನ್ನತೆ, ಸ್ನೇಹದ ಬಿಕ್ಕಟ್ಟುಗಳನ್ನು ಅಭಿನಯಿಸಿ ಚರ್ಚಿಸಿದರು. ವರ್ಷದ ತರುವಾಯ ಈ ಮೂರನೆಯ ಗುಂಪಿನಲ್ಲಿ ಹೊಸ ಆತ್ಮಹತ್ಯಾಯತ್ನಗಳ ಪ್ರಮಾಣವು, ವಿಶೇಷ ಕಾರ್ಯಕ್ರಮವಿಲ್ಲದ ಶಾಲೆಗಳಲ್ಲಿದ್ದುದರ ಸುಮಾರು ಅರ್ಧದಷ್ಟಿತ್ತು. ಉಳಿದೆರಡು ಕ್ರಮಗಳಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಧ್ಯಾಪಕರಾದ ನಮಗೆ ಇದು ತುಸು ಕಹಿಯೇ! ನಮ್ಮ ತರಬೇತಿಯೊಂದೇ ಸಾಲದು, ಮಕ್ಕಳು ಮಾತನಾಡಬೇಕು. ಈ ವಿಷಯವೆತ್ತಿದರೆ ಮಕ್ಕಳ ತಲೆಯಲ್ಲಿ ಅದೇ ಹೊಕ್ಕೀತೆಂಬ ಪೋಷಕರ ಭಯಕ್ಕೂ ಆಧಾರವಿಲ್ಲ. ನೇರವಾಗಿ ಕೇಳುವುದರಿಂದ ಮನಸ್ಸು ಹಗುರಾಗುವ ಸಂಭವವೇ ಹೆಚ್ಚು.

ಶ್ರೀಲಂಕಾ ಕಲಿಸಿದ್ದು ಬೇರೆ ಬಗೆಯ ಪಾಠ. ಅತಿ ವಿಷಕಾರಿ ಕೀಟನಾಶಕಗಳನ್ನು ಆ ದೇಶ ಹಂತಹಂತವಾಗಿ ನಿಷೇಧಿಸಿತು. 1998ರಲ್ಲಿ ಎಂಡೋಸಲ್ಫಾನ್ ಕೂಡ ಹೊರಬಿತ್ತು. (ಕಾಸರಗೋಡಿನವರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ.) 1995ರ ಬಳಿಕದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಶೇಕಡ 70ರಷ್ಟು ಇಳಿಯಿತು, ಬೆಳೆಯ ಇಳುವರಿಯೇನೂ ಕುಸಿಯಲಿಲ್ಲ. ಸಾಯುವ ಆವೇಗ ಬಹುಮಂದಿಯಲ್ಲಿ ಅಲ್ಪಕಾಲದ್ದು. ಆ ಗಳಿಗೆಯಲ್ಲಿ ವಿಷ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಅಡಕೆಯಾಗಲಿ ಹತ್ತಿಯಾಗಲಿ ಬೆಳೆಯುವ ನಮ್ಮ ಮನೆಗಳಲ್ಲಿ ಸಿಂಪಡಿಸುವ ಔಷಧ ಬೀಗದೊಳಗಿರಬೇಕು.

ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಸ್ಥಾಪಿಸಿದ ಸ್ನೇಹಾ ಸಂಸ್ಥೆಯು, ಅನುತ್ತೀರ್ಣರಾದ ಮಕ್ಕಳು ವರ್ಷ ಕಳೆದುಕೊಳ್ಳದಂತೆ ಪೂರಕ ಪರೀಕ್ಷೆ ಬೇಕೆಂದು ತಮಿಳುನಾಡಿನಲ್ಲಿ ಒತ್ತಾಯಿಸಿತು. ಅದು ಅಲ್ಲಿ ಜಾರಿಗೂ ಬಂತು. ಕೇರಳದಲ್ಲಿ ಸೇ ಪರೀಕ್ಷೆ ಇದೆ. ಫಲಿತಾಂಶ ಬರುವ ಮೊದಲೇ ಮಕ್ಕಳಿಗೆ ಇದನ್ನು ತಿಳಿಸಿಡಿ.

ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳೂ ಉಚಿತವಾಗಿ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸೇವೆಯಿದೆ. ಗಡಿನಾಡಿನ ಮಗು ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ವ್ಯವಹಾರ ನಡೆಸಬಲ್ಲುದು, ಆದರೆ ಎದೆಯ ಸಂಕಟವನ್ನು ಮನೆಮಾತಿನಲ್ಲಲ್ಲದೆ ಹೇಳಲಾರದು. ಆದ್ದರಿಂದ ಕರೆ ಮಾಡಿದಾಗ ಕನ್ನಡವನ್ನೇ ಆರಿಸಿಕೊಳ್ಳುವಂತೆ ತಿಳಿಸಿ, ಸಂಖ್ಯೆಯನ್ನು ಮಕ್ಕಳ ಶಾಲಾ ಡೈರಿಯ ಮೊದಲ ಪುಟದಲ್ಲಿ ಬರೆಸಿ.