ಓಮ್ನಿ ಕೆಮ್ಮಿತೆಂದು ಕಾರ್ಬೊರೇಟರ್ ಮೇಲೆ ಗೂಬೆ ಕೂರಿಸಬೇಡಿ!

ತುಮಕೂರಿನ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ಹಳೇ ಓಮ್ನಿ ಅಂದ್ರೆ ಬರೀ ಗಾಡಿಯಲ್ಲ, ಮನೆಯ ದುಡಿಯುವ ಮಗ. ಬೆಳಗ್ಗೆ ತರಕಾರಿ, ಮಧ್ಯಾಹ್ನ ದಿನಸಿ ಮೂಟೆ, ಸಂಜೆ ಮದುವೆ ಮನೆಗೆ ಹೆಂಡತಿ ಮಕ್ಕಳು. ಕೊನೇ ಬಸ್ಸು ತಪ್ಪಿಸಿಕೊಂಡವರಿಗೂ ಎಷ್ಟೋ ಊರಲ್ಲಿ ಅದೇ ಗತಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತಿದೆ. ನಿಂತರೇನು? ತೊಂಬತ್ತರ ದಶಕದ ಓಮ್ನಿಗಳು ಇನ್ನೂ ಮೂಟೆ ಹೊರುತ್ತಿವೆ.

ಹೊರುತ್ತಿವೆ, ಆದರೆ ಕೆಮ್ಮುತ್ತಾ! ಸಿಗ್ನಲ್‌ನಲ್ಲಿ ನಿಂತರೆ ಮೈಯೆಲ್ಲ ನಡುಕ. ಲೋಡು ಹಾಕಿ ಏರು ಹತ್ತಿಸಿದರೆ ಜಗ್ಗಾಟ. "ಮಿಸ್ಸಿಂಗ್ ಹೊಡೀತಿದೆ ಕಣಪ್ಪ, ನೋಡು" ಅಂತ ಗ್ಯಾರೇಜಿಗೆ ಬಿಟ್ಟರೆ ಬಹಳ ಸಲ ಬರುವ ಮೊದಲ ಉತ್ತರ ಒಂದೇ: "ಕಾರ್ಬೊರೇಟರ್ ಹೋಗಿದೆ ಅಣ್ಣ, ಬದಲಾಯಿಸ್ಬಿಡೋಣ." ಕಾರ್ಬೊರೇಟರ್ ಬದಲಾಗುತ್ತದೆ, ಸಾವಿರಗಟ್ಟಲೆ ಕೈಬಿಡುತ್ತದೆ. ಮೂರನೇ ದಿನ ಗಾಡಿ ಮತ್ತೆ ಕೆಮ್ಮುತ್ತದೆ. ಹೊಟ್ಟೆನೋವು ಅಂದವನಿಗೆ ಹಲ್ಲು ಕಿತ್ತ ಹಾಗೆ!

ಮೊದಲು ಕೇಳಿ, ಆಮೇಲೆ ಬಿಚ್ಚಿ

ಓಮ್ನಿ ಎಂಜಿನ್ನಿಗೆ ಇರುವುದು ಮೂರೇ ಸಿಲಿಂಡರ್, 796 ಸಿಸಿ. ಒಂದು ಕೈಕೊಟ್ಟರೆ ಶಕ್ತಿಯಲ್ಲಿ ಮೂರನೇ ಒಂದು ಪಾಲು ಹೋದಂತೆ. ನಡುಕ ಬರದೆ ಇನ್ನೇನು ಬಂದೀತು? ಪೆಟ್ರೋಲ್ ಎಂಜಿನ್ ಓಡಲು ಬೇಕಾದ್ದು ನಾಲ್ಕು: ಗಾಳಿ, ಪೆಟ್ರೋಲು, ಕಿಡಿ, ಒತ್ತಡ. ಇವುಗಳಲ್ಲಿ ಯಾವುದು ಕಮ್ಮಿಯಾಗಿದೆ ಎಂದು ಗಾಡಿಯೇ ಹೇಳುತ್ತದೆ. ಕೇಳುವ ತಾಳ್ಮೆ ಬೇಕು, ಅಷ್ಟೆ.

ಯಾವಾಗ ನಡುಗುತ್ತದೆ ಎಂದು ಮೊದಲು ಗಮನಿಸಿ. ನಿಂತಾಗ ನಡುಕ, ವೇಗ ಹಿಡಿದ ಮೇಲೆ ಸಲೀಸು ಅಂದರೆ ಎಲ್ಲೋ ಹೆಚ್ಚುವರಿ ಗಾಳಿ ನುಗ್ಗುತ್ತಿದೆ, ಇಲ್ಲವೇ ಕಾರ್ಬೊರೇಟರಿನ ಸಣ್ಣ ಜೆಟ್ಟಿನಲ್ಲಿ ಕಸ ಕೂತಿದೆ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಎಳೆದಾಗ ಸರಿಹೋಗುತ್ತದೆಯೇ? ಪೆಟ್ರೋಲು ಸಾಲುತ್ತಿಲ್ಲ, ಗಾಳಿ ಜಾಸ್ತಿ ಎಂದರ್ಥ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬಂದರೆ ಇದರ ಉಲ್ಟಾ. ಲೋಡು ಎಳೆಯುವಾಗ ಮಾತ್ರ ಜಗ್ಗಿದರೆ ಪೆಟ್ರೋಲ್ ಫಿಲ್ಟರು, ಪಂಪು, ಪ್ಲಗ್ ವೈರುಗಳ ಮೇಲೆ ಅನುಮಾನ ಇಡಿ.

ಗ್ಯಾಸ್ ಕಿಟ್ ಇದ್ದವರಿಗೆ ಇನ್ನೂ ಸುಲಭ. ಗ್ಯಾಸಿನಲ್ಲಿ ನಯವಾಗಿ ಓಡಿ ಪೆಟ್ರೋಲಿಗೆ ಹಾಕಿದಾಗ ಮಾತ್ರ ಕೆಮ್ಮಿದರೆ ಕಿಡಿ, ಒತ್ತಡ ಎರಡೂ ಬಹುತೇಕ ಸರಿ ಇವೆ. ತೊಂದರೆ ಪೆಟ್ರೋಲಿನ ದಾರಿಯಲ್ಲಿದೆ. ಆಗ ಬೇಕಾದರೆ ಕಾರ್ಬೊರೇಟರನ್ನು ಕಟಕಟೆಗೆ ಹತ್ತಿಸಿ. ಎರಡರಲ್ಲೂ ಕೆಮ್ಮಿದರೆ ಪಾಪ, ಅದು ನಿರಪರಾಧಿ.

ಸತ್ತ ಸಿಲಿಂಡರ್ ಯಾವುದು?

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿಸಿ, ಎದುರಿಗೇ ನಿಲ್ಲಿ. ಮೆಕ್ಯಾನಿಕ್ ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರು ಬಿಚ್ಚಲಿ. ಆ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿ, ಮತ್ತೆ ಸ್ಟಾರ್ಟ್ ಮಾಡಲಿ. ಎಂಜಿನ್ ಓಡುವಾಗ ವೈರು ಮುಟ್ಟಬಾರದು, ಶಾಕ್ ಜೋರು. ಒಳ್ಳೆಯ ಸಿಲಿಂಡರಿನ ವೈರು ಬಿಚ್ಚಿದರೆ ನಡುಕ ಇನ್ನೂ ಹೆಚ್ಚುತ್ತದೆ. ಯಾವುದನ್ನು ಬಿಚ್ಚಿದರೂ ವ್ಯತ್ಯಾಸವೇ ಕಾಣದೋ ಅದೇ ಕೆಲಸ ಮಾಡದೆ ಕೂತಿರುವ ಸಿಲಿಂಡರ್.

ಸಿಕ್ಕಿತಲ್ಲ, ಆ ಪ್ಲಗ್ಗನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿಸಿ. ರೋಗವೂ ಪಕ್ಕಕ್ಕೆ ಹೋಯಿತೆ? ತಪ್ಪು ಪ್ಲಗ್ಗಿನದು. ಹೋಗಲಿಲ್ಲವೆ? ವೈರು ಬದಲಿಸಿ ನೋಡಿ. ಇಷ್ಟು ಹೊತ್ತಿಗೆ ಒಂದು ಪೈಸೆ ಸಾಮಾನು ಕೊಂಡಿಲ್ಲ ನೋಡಿ!

ಬಿಚ್ಚಿದ ಪ್ಲಗ್ಗಿನ ಮುಖವನ್ನೂ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗೆ ಬೆಂದಂತಿದ್ದರೆ ಪೆಟ್ರೋಲು ಕಮ್ಮಿ. ಎಣ್ಣೆ ಜಿಡ್ಡು ಇದ್ದರೆ ಒಳಗೆ ಆಯಿಲ್ ಹತ್ತುತ್ತಿದೆ.

ಒಂದೇ ಸಿಲಿಂಡರ್ ಅಂತ ಹೇಳಲಾಗದೆ ಇಡೀ ಎಂಜಿನ್ ನಡುಗಿದರೆ ರಬ್ಬರ್ ಪೈಪುಗಳನ್ನು ತಡಕಿ. ಬಿರುಕು ಬಿಟ್ಟಲ್ಲಿ 'ಸುಯ್' ಎಂಬ ಸದ್ದು ಬರುತ್ತದೆ. ಕಾರ್ಬೊರೇಟರ್ ಬುಡದ ಜೋಡಣೆಗೆ ಸ್ವಲ್ಪ ನೀರು ಚಿಮುಕಿಸಿದಾಗ ಎಂಜಿನ್ ಸದ್ದು ಬದಲಾದರೆ ಗಾಳಿ ನುಗ್ಗುವುದು ಅಲ್ಲೇ. ವೈರುಗಳ ಮೇಲೆ ನೀರು ಬೀಳದಿರಲಿ. ಕೆಲವರು ನೀರಿನ ಬದಲು ಪೆಟ್ರೋಲ್ ಚಿಮುಕಿಸುತ್ತಾರೆ. ಖಂಡಿತ ಬಿಡಬೇಡಿ! ಬಿಸಿ ಎಂಜಿನ್ನು, ಮೇಲೆ ಸೀಟಿನ ಸ್ಪಂಜು. ಬೆಂಕಿಗೆ ಇನ್ನೇನು ಬೇಕು?

ಹೊಸ ಪೆಟ್ರೋಲಿನ ಹಳೇ ಕಥೆ

ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಅದೇ ಮಾಮೂಲು. ತೊಂಬತ್ತರ ದಶಕದ ಗಾಡಿ ಇದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಹಳೇ ಜೆಟ್ಟಿನ ಲೆಕ್ಕಕ್ಕೆ ಮಿಶ್ರಣ ತೆಳುವಾಗುತ್ತದೆ. ಹಳೇ ಪೈಪು, ಪಂಪಿನೊಳಗಿನ ರಬ್ಬರು ಊದಿಕೊಳ್ಳಬಹುದು, ಬಿರಿಯಬಹುದು. ನೀರನ್ನು ಎಳೆದುಕೊಳ್ಳುವ ಗುಣವೂ ಇದಕ್ಕುಂಟು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಕೂತು ಎಂಜಿನ್ ಕೆಮ್ಮಿದರೆ ಆಶ್ಚರ್ಯವಿಲ್ಲ. ರಬ್ಬರು ಬದಲಿಸಿ, ಫಿಲ್ಟರು ನೋಡಿ, ಗಾಡಿಯನ್ನು ಆಗಾಗ ಓಡಿಸಿ.

ಕೊನೆಯ ಪರೀಕ್ಷೆ, ದೊಡ್ಡ ತೀರ್ಮಾನ

ಕಿಡಿ, ಗಾಳಿ, ಪೆಟ್ರೋಲು ಎಲ್ಲ ಸರಿ ಇದ್ದೂ ನಡುಕ ನಿಲ್ಲದಿದ್ದರೆ ವಾಲ್ವ್ ಸೆಟ್ಟಿಂಗ್ ನೋಡಿಸಿ, ಕಂಪ್ರೆಷನ್ ಗೇಜ್ ಹಾಕಿಸಿ. ಮೂರೂ ಸಿಲಿಂಡರಿನ ಒತ್ತಡ ಹೆಚ್ಚೂಕಮ್ಮಿ ಒಂದೇ ಇರಬೇಕು. ಕಮ್ಮಿ ಇದ್ದದ್ದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವಿನ ದೋಷ. ಅಕ್ಕಪಕ್ಕದ ಎರಡೂ ಕಮ್ಮಿ, ರೇಡಿಯೇಟರ್ ನೀರೂ ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್.

ಈ ಗೇಜಿನ ಮುಳ್ಳೇ ನಿಮ್ಮ ಗಾಡಿಯ ಜಾತಕ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಹಾರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಅಷ್ಟು ಕಟ್ಟಿ ಉಳಿಸಿಕೊಳ್ಳುವುದೋ, ಗುಜರಿಗೆ ಹಾಕುವುದೋ ಎಂದು ತಲೆ ಕೆಡಿಸಿಕೊಂಡವರು ಮೊದಲು ಈ ಪರೀಕ್ಷೆ ಮಾಡಿಸಲಿ. ಪ್ಲಗ್ ವೈರಿನ ತಪ್ಪಿಗೆ ಗಟ್ಟಿಮುಟ್ಟಾದ ಎಂಜಿನ್ನು ಗುಜರಿ ಸೇರಬಾರದು. ರಿಂಗು, ವಾಲ್ವು ಎರಡೂ ಮುಗಿದ ಎಂಜಿನ್ನಿಗೆ ಹೊಸ ಕಾರ್ಬೊರೇಟರ್ ಕಟ್ಟುವುದೂ ದಂಡ.

ಗ್ಯಾರೇಜಿಗೆ ಹೋಗುವ ಅಣ್ಣಂದಿರೇ, ಎರಡು ಮಾತು ನೆನಪಿರಲಿ. "ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಪ್ಪ, ಓಡಿಸಿ ನೋಡೋಣ" ಅನ್ನಿ. "ಬಿಚ್ಚಿದ ಹಳೇ ಸಾಮಾನು ನನ್ನ ಕೈಗೆ ಕೊಡು" ಅನ್ನಿ. ಒಳ್ಳೇ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಪಕ್ಕದ ಗ್ಯಾರೇಜಿನ ಬಾಗಿಲೂ ತೆರೆದೇ ಇರುತ್ತದೆ!