ಎಂಜಿನ್ ಎಣ್ಣೆ ಸೋರುತ್ತಿದೆಯೆ?

ರಾತ್ರಿಯೆಲ್ಲ ನಿಂತಿದ್ದ ಕಾರನ್ನು ಬೆಳಿಗ್ಗೆ ಹೊರತೆಗೆದಾಗ ನೆಲದ ಮೇಲೆ ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ ಕಂಡರೆ ‘ಹಳೇ ಗಾಡಿ, ಸ್ವಲ್ಪ ಸೋರುತ್ತದೆ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಲೆಕ್ಕ ಹಾಕಿ ನೋಡಿ. ಎಣ್ಣೆಯ ಸುಮಾರು 30 ಹನಿ ಸೇರಿದರೆ ಒಂದು ಮಿಲಿಲೀಟರ್. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ದಿನಕ್ಕೆ 48 ಮಿಲಿಲೀಟರ್, ತಿಂಗಳಿಗೆ ಸುಮಾರು ಒಂದೂವರೆ ಲೀಟರ್. ಸಣ್ಣ ಕಾರಿನ ಎಂಜಿನ್ನಿನಲ್ಲಿ ಇರುವುದೇ ಹೆಚ್ಚುಕಡಿಮೆ 3 ಲೀಟರ್!

ಈ ಸೋರಿಕೆಗೆ ಹಲವು ವೇಳೆ ಕಾರಣವಾಗುವುದು ಆಯಿಲ್ ಸೀಲ್ ಎಂಬ ರಬ್ಬರಿನ ಬಳೆ.

ಬಳೆಯ ಕೆಲಸ

ಪಿಸ್ಟನ್‌ಗಳ ಏರಿಳಿತವನ್ನು ತಿರುಗುವ ಚಲನೆಯಾಗಿ ಬದಲಿಸುವುದು ಕ್ರ್ಯಾಂಕ್ ಶಾಫ್ಟ್. ಅದರ ಒಂದು ತುದಿ ಬೆಲ್ಟಿನ ಪುಲ್ಲಿಯತ್ತ, ಇನ್ನೊಂದು ತುದಿ ಗೇರ್‌ಬಾಕ್ಸಿನ ಕಡೆಯ ಫ್ಲೈವೀಲ್‌ನತ್ತ ಹೊರಚಾಚಿರುತ್ತದೆ. ಶಾಫ್ಟ್ ತಿರುಗಬೇಕು, ಎಣ್ಣೆ ಮಾತ್ರ ಹೊರಬರಬಾರದು. ಅದಕ್ಕಾಗಿ ಎರಡೂ ತುದಿಗಳಲ್ಲಿ ಸೀಲುಗಳಿವೆ. ಸೀಲಿನ ತೆಳುವಾದ ಒಳ ಅಂಚನ್ನು ಸಾಮಾನ್ಯವಾಗಿ ಒಂದು ಸಣ್ಣ ಸ್ಪ್ರಿಂಗ್ ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ. ಅಂಚಿಗೂ ಲೋಹಕ್ಕೂ ನಡುವೆ ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪದರವಿರುವುದರಿಂದ ರಬ್ಬರು ಬೇಗ ಸವೆಯುವುದಿಲ್ಲ.

80 ಮಿಲಿಮೀಟರ್ ವ್ಯಾಸದ ಶಾಫ್ಟ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ, ಅದರ ಮೈ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಈ ಅಂಚನ್ನು ಸವರಿಕೊಂಡು ಹೋಗುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರು ಕ್ರಮೇಣ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕೆಲವೊಮ್ಮೆ ಶಾಫ್ಟಿನ ಮೇಲೂ ಗೆರೆ ಬೀಳುತ್ತದೆ.

ಸೀಲಿನದೇ ತಪ್ಪಿರಬೇಕೆಂದಿಲ್ಲ. ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿದ ಅನಿಲ ಹೊರಹೋಗಲು ಎಂಜಿನ್ನಿನಲ್ಲಿ ಒಂದು ಕೊಳವೆ, ಕವಾಟ ಇರುತ್ತವೆ. ಅವು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಚೆನ್ನಾಗಿರುವ ಸೀಲಿನ ಮೂಲಕವೂ ಎಣ್ಣೆ ಹೊರನೂಕಲ್ಪಡುತ್ತದೆ. ಆವಿ ಹೋಗುವ ದಾರಿ ಕಟ್ಟಿದ ಕುಕ್ಕರಿನ ಸ್ಥಿತಿ ಅದು. ಇದನ್ನು ಸರಿಪಡಿಸದೆ ಸೀಲು ಬದಲಿಸಿದರೆ ಹೊಸದೂ ಸೋರಬಹುದು.

ಮೂಲ ಹುಡುಕಿ

ಎಣ್ಣೆ ಬೀಳುವ ಜಾಗವೇ ಸೋರುವ ಜಾಗವಲ್ಲ. ಮೇಲಿನ ಹೆಡ್ ಕವರ್ ಪ್ಯಾಕಿಂಗ್‌ನಿಂದ ಜಿನುಗಿದ ಎಣ್ಣೆ ಎಂಜಿನ್ನಿನ ಬೆನ್ನ ಮೇಲೆ ಹರಿದು, ಹಿಂದಿನ ಸೀಲೇ ಸೋರುತ್ತಿರುವಂತೆ ತೋರಬಹುದು. ಅದನ್ನು ನಂಬಿ ಗೇರ್‌ಬಾಕ್ಸ್ ಬಿಚ್ಚಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ಮೊದಲು ಎಂಜಿನ್ನನ್ನು ತೊಳೆಸಿ ಒಣಗಿಸಿ, ಕೆಲವು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ನೋಡಬೇಕು. ಹಸಿ ಕಂಡ ಅತಿ ಎತ್ತರದ ಜಾಗವೇ ಸಾಮಾನ್ಯವಾಗಿ ಮೂಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ ತಳದಲ್ಲಿ ಮಾತ್ರ ಎಂಜಿನ್ ಎಣ್ಣೆ ತೊಟ್ಟಿಕ್ಕಿದರೆ ಹಿಂದಿನ ಸೀಲನ್ನು ಸಂಶಯಿಸಬಹುದು.

ದುರಸ್ತಿ

ಸೀಲಿನ ಬೆಲೆ ಅಲ್ಪ, ಕೂಲಿಯೇ ಅಧಿಕ. ಹಿಂದಿನ ಸೀಲಿಗೆ ಗೇರ್‌ಬಾಕ್ಸ್ ಇಳಿಸಬೇಕು. ಆದ್ದರಿಂದ ಅದೇ ಖರ್ಚಿನಲ್ಲಿ ಕ್ಲಚ್ ಪ್ಲೇಟನ್ನೂ ಪರೀಕ್ಷಿಸುವುದು ಜಾಣತನ. ಎಣ್ಣೆ ತಗುಲಿದ ಕ್ಲಚ್ ಜಾರುತ್ತದೆ. ಮುಂದಿನ ಸೀಲಿನ ಎಣ್ಣೆ ಟೈಮಿಂಗ್ ಬೆಲ್ಟಿಗೆ ತಾಗುವ ಕಾರುಗಳಲ್ಲಿ ಎರಡನ್ನೂ ಒಟ್ಟಿಗೆ ಬದಲಿಸುವುದು ಕ್ಷೇಮ.

ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗಿರಬೇಕು. ಸೀಲು ಓರೆಯಾಗದೆ ಸಮನಾಗಿ ಕೂರಬೇಕು. ರಬ್ಬರಿನ ಅಂಚಿಗೆ ಎಣ್ಣೆ ಸವರಿ ಕೂರಿಸುವುದು ಪದ್ಧತಿ. ಟೆಫ್ಲಾನ್ ಸೀಲುಗಳನ್ನು ಸಾಮಾನ್ಯವಾಗಿ ಒಣಗಿದ್ದಂತೆಯೇ ಕೂರಿಸುತ್ತಾರೆ. ಶಾಫ್ಟಿನಲ್ಲಿ ಗೆರೆ ಬಿದ್ದಿದ್ದರೆ ಮೇಲೆ ತೆಳುವಾದ ಉಕ್ಕಿನ ಕವಚ ತೊಡಿಸುವ ಉಪಾಯವಿದೆ.

ಎಣ್ಣೆಗೆ ಬೆರೆಸುವ ಬಾಟಲಿ ಔಷಧಿಗಳು ಗಡುಸಾದ ರಬ್ಬರನ್ನು ಮೆದುಗೊಳಿಸಿ ಉಬ್ಬಿಸುತ್ತವೆ. ಸಣ್ಣ ಜಿನುಗಿಗೆ ಇದು ತಾತ್ಕಾಲಿಕ ಪರಿಹಾರ. ಹರಿದ ಸೀಲಿಗೆ ನಿರರ್ಥಕ.

ದುರಸ್ತಿಯಾಗುವವರೆಗೆ ವಾರಕ್ಕೊಮ್ಮೆಯಾದರೂ ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ನಂತರ ಡಿಪ್‌ಸ್ಟಿಕ್ ನೋಡಿ ಎಣ್ಣೆ ತುಂಬಬೇಕು. ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಎಣ್ಣೆ ಬಿದ್ದು ಹೊಗೆಯಾಡಿದರೆ ಬೆಂಕಿಯ ಅಪಾಯವೂ ಇದೆ. ಓಡಿಸುವಾಗ ಎಣ್ಣೆಯ ಕೆಂಪು ದೀಪ ಹೊತ್ತಿತೆಂದರೆ ಬದಿಗೆ ನಿಲ್ಲಿಸಿ, ಕೂಡಲೆ ಎಂಜಿನ್ ಆರಿಸಿ. ಗ್ಯಾರೇಜು ಒಂದೇ ಕಿಲೋಮೀಟರ್ ದೂರವಿದ್ದರೂ ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಎಣ್ಣೆಯಿಲ್ಲದ ಬೇರಿಂಗುಗಳು ಅಷ್ಟು ದೂರವನ್ನೂ ತಾಳಲಾರವು.